ವಾರದ ರಜೆ ಯಾರು ಕೊಟ್ಟರು?

ವಾರಕ್ಕೊಂದು ರಜೆ ಅನ್ನೋದು ಹೊತ್ತು ಮೂಡಿದ ಹಾಗೆ ತಾನಾಗೇ ಬರುತ್ತೆ ಅಂತ ನಾವು ತಿಳಿದುಬಿಟ್ಟಿದ್ದೇವೆ. ಇಲ್ಲಿ ದುಬೈಯಲ್ಲಿ ಕೆಲವರಿಗೆ ಶುಕ್ರವಾರ, ಕೆಲವರಿಗೆ ಭಾನುವಾರ. ಬಟ್ಟೆ ಒಗೆಯೋದು, ಕಟಿಂಗ್, ಊರಿಗೆ ವಿಡಿಯೋ ಕಾಲ್, ಮಧ್ಯಾಹ್ನ ಒಂದು ನಿದ್ದೆ, ಅಷ್ಟರಲ್ಲಿ ಅದು ಮುಗಿದೇ ಹೋಗುತ್ತೆ. ಆದರೆ ನಮ್ಮ ದೇಶದ ಗಿರಣಿ ಕೆಲಸಗಾರನ ಕೈಗೆ ಈ ಒಂದು ದಿನ ಸಿಕ್ಕಿ ಇನ್ನೂ ನೂರೈವತ್ತು ವರ್ಷ ಆಗಿಲ್ಲ.

ಒಕ್ಕಲುತನದಲ್ಲಿ ಬಿಡುವಿಗೆ ಮೊದಲಿಂದಲೂ ಒಂದು ಜಾಗ ಇತ್ತು. ನಮ್ಮ ಗದಗದ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡೋದಿಲ್ಲ, ಅದು ಬಸವಣ್ಣನ ವಾರ. ನಮ್ಮಜ್ಜ ಜ್ವರ ಬಂದರೂ ಹೊಲಕ್ಕೆ ಹೋಗ್ತಿದ್ದ, ಎತ್ತಿನ ಸೋಮವಾರ ಮಾತ್ರ ತಪ್ಪಿಸ್ತಿರಲಿಲ್ಲ. ಗಿರಣಿ ಬಂದ ಮೇಲೆ ಈ ಲೆಕ್ಕ ನಡೀಲಿಲ್ಲ. ಯಂತ್ರಕ್ಕೆ ಯಾವ ವಾರವೂ ಇಲ್ಲ.

ಮುಂಬೈ ಗಿರಣಿಗಳಲ್ಲಿ ಬೆಳಕು ಹರಿದಾಗ ಒಳಗೆ ಹೋದವರು ಕತ್ತಲಾದಾಗ ಹೊರಗೆ ಬರ್ತಿದ್ದರು. 1881ರ ಕಾರ್ಖಾನೆ ಕಾಯ್ದೆ ಮಕ್ಕಳಿಗೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು, ದೊಡ್ಡವರಿಗೆ ಏನೂ ಇಲ್ಲ. ಆಗ ಎದ್ದು ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಗಿರಣಿಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು, ಜ್ಯೋತಿಬಾ ಫುಲೆಯವರ ಜೊತೆಗಾರ, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಅವರು ಸಭೆ ಕರೆದು ಬರೆದ ಮನವಿಗೆ ಸುಮಾರು 5,500 ಕೆಲಸಗಾರರು ಸಹಿ ಹಾಕಿದರು. ಬೇಡಿಕೆ ಏನು ದೊಡ್ಡದಲ್ಲ: ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಸಂಬಳ ಮುಂದಿನ ತಿಂಗಳ 15ರೊಳಗೆ, ಪೆಟ್ಟಾದರೆ ಪರಿಹಾರ. ಇವತ್ತು ನಮ್ಮ ಕ್ಯಾಂಪಿನಲ್ಲಿ ಓದಿದರೂ ಎಲ್ಲರಿಗೂ ಅರ್ಥ ಆಗೋ ಪಟ್ಟಿ!

ಭಾನುವಾರ ಅಂದರೆ ಬ್ರಿಟಿಷರ ಚರ್ಚಿನ ದಿನ ಅಂತ ನಾವು ಅಂದುಕೊಳ್ಳುತ್ತೇವೆ. ದಖನ್ನಿನ ಜನರಿಗೆ ಅದು ಖಂಡೋಬಾನ ವಾರ, ನಮ್ಮ ಮೈಲಾರಲಿಂಗನೇ ಅವನು. ಆರು ವರ್ಷ ಬಿಡದೆ ಕೇಳಿದರು. 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿ ಮೈದಾನದಲ್ಲಿ ಹತ್ತು ಸಾವಿರದಷ್ಟು ಜನ ಸೇರಿದರು. ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದರು, ಆ ಕಾಲದಲ್ಲಿ! ಜೂನ್ 10ಕ್ಕೆ ಗಿರಣಿ ಮಾಲೀಕರು ಒಪ್ಪಿದರು. ಮರುವರ್ಷ ಅದು ಕಾಯ್ದೆಯಾಯ್ತು.

ಮುಂದಿನ ಕಥೆ ಎಲೆಕ್ಟ್ರಿಷಿಯನ್ ಆದ ನನಗೆ ಸ್ವಲ್ಪ ಚುಚ್ಚುತ್ತೆ. ಶಿವನಸಮುದ್ರದ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು ಅಂತ ಐಟಿಐನಲ್ಲಿ ಹೆಮ್ಮೆಯಿಂದ ಕೇಳಿದ್ದೆ. ಅದೇ ಹೊತ್ತಿಗೆ ಮುಂಬೈ ಗಿರಣಿಗಳಿಗೂ ವಿದ್ಯುತ್ ದೀಪ ಬಂತು. ಅಲ್ಲಿವರೆಗೆ ಸೂರ್ಯ ಮುಳುಗಿದರೆ ಕೆಲಸ ಮುಗೀತಿತ್ತು. ದೀಪ ಬಂದ ಮೇಲೆ ದಿನಕ್ಕೆ ಹದಿನಾಲ್ಕು, ಹದಿನೈದು ಗಂಟೆ ದುಡಿಸಿದರು. ಗಲಾಟೆಯಾಗಿ, ವಿಚಾರಣೆ ನಡೆದು, 1911ರ ಕಾಯ್ದೆ ಬಟ್ಟೆ ಗಿರಣಿಯ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ಹಾಕಿತು. ಆಮೇಲೆ ಒಂದೊಂದೇ ಗಂಟೆ ಇಳಿಸೋದಕ್ಕೆ ದಶಕಗಳೇ ಬೇಕಾದವು. ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡ ಕಾಲದ ಪ್ರಯತ್ನದಿಂದ 1946ರಲ್ಲಿ ವಾರಕ್ಕೆ 48 ಗಂಟೆ ಅಂತಾಯ್ತು. ಸ್ವಿಚ್ ಬೋರ್ಡ್ ಕೂರಿಸುವಾಗ ಎಷ್ಟೋ ಸಲ ಇದು ನೆನಪಾಗುತ್ತೆ.

ಇಲ್ಲಿನ ಕಾನೂನಿನಲ್ಲೂ ವಾರಕ್ಕೆ 48 ಗಂಟೆ, ಕನಿಷ್ಠ ಒಂದು ದಿನ ರಜೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಸ್ಲ್ಯಾಬಿನ ನೆರಳಲ್ಲಿ ರಟ್ಟು ಹಾಸಿಕೊಂಡು ಮಲಗಿದ ಆ ಎರಡೂವರೆ ಗಂಟೆಯ ಬೆಲೆ ಎಸಿ ಆಫೀಸಿನವರಿಗೆ ಹೇಳಿ ತಿಳಿಸೋಕಾಗಲ್ಲ.

ಆದರೆ ವಾರದ ರಜೆಯನ್ನ ನಾವೇ ಓಟಿಗೆ ಮಾರುತ್ತೇವೆ. ಮಾರಬೇಡಿ ಅನ್ನೋ ಧೈರ್ಯ ನನಗಿಲ್ಲ; ಮಗಳ ಸ್ಕೂಲ್ ಫೀಸು, ಮನೆ ಸಾಲ ಎಲ್ಲರಿಗೂ ಇದೆ. ಒಂದೇ ಮಾತು: ಲೋಖಂಡೆ ಬರೀ ನಿದ್ದೆಗೆ ರಜೆ ಕೇಳಲಿಲ್ಲ ಅಂತ ನನಗನಿಸುತ್ತೆ. ಪತ್ರಿಕೆ ನಡೆಸೋ ಮನುಷ್ಯ ಅವರು. ಓದೋದಕ್ಕೆ, ಸಭೆ ಸೇರೋದಕ್ಕೆ, ನಾಲ್ಕು ಜನರ ಕಷ್ಟ ಕೇಳೋದಕ್ಕೆ ಕೆಲಸಗಾರನಿಗೆ ಒಂದು ಖಾಲಿ ದಿನ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. 1897ರಲ್ಲಿ ಪ್ಲೇಗಿನಿಂದ ತೀರಿಕೊಂಡಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಅವರ ಸ್ಟಾಂಪ್ ತಂದಿತು.

ನಮ್ಮ ಕೂಟದ ರಾಜ್ಯೋತ್ಸವ ನಡೆಯೋದು ರಜೆ ದಿನವೇ. ಈ ಲೇಖನಕ್ಕೂ ನನಗೆ ಮೂರು ಶುಕ್ರವಾರ ಹಿಡೀತು. ಎಷ್ಟು ದಿರಹಂ ಓಟಿ ಹೋಯ್ತು ಅಂತ ರೂಮಿನವರು ಆಗಲೇ ಲೆಕ್ಕ ಹಾಕಿ ಹೇಳಿದ್ದಾರೆ.