ಕರೆಂಟ್ ಟೈಪ್‌ರೈಟರ್ ನಮ್ಮಲ್ಲಿ ಯಾಕೆ ಬೇರೂರಲಿಲ್ಲ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಿಗೆ ಹೆಡ್‌ಫೋನ್ ಮರೆತು ಬಂದವರಿಗೆ ಎಂದಿನಂತೆ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ಸಂಗತಿಯನ್ನೂ ಸೇರಿಸಿದ್ದೀನಿ.

ಫೋರ್ಟ್ ಕಡೆ ಕೋರ್ಟಿನ ಹೊರಗೆ ಕೂತು ಅಫಿಡವಿಟ್ ಟೈಪ್ ಮಾಡಿಕೊಡುವವರನ್ನ ನಮ್ಮಲ್ಲಿ ಹಲವರು ನೋಡಿದ್ದೇವೆ. ಅವರ ಮುಂದೆ ಇರುತ್ತಿದ್ದದ್ದು ಕೈಬಲದಿಂದ ಹೊಡೆಯುವ ಯಂತ್ರ. ಅಮೆರಿಕದ ಆಫೀಸುಗಳಲ್ಲಿ ಹಾಗಲ್ಲ, ಕೈಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ಕರೆಂಟ್ ಟೈಪ್‌ರೈಟರಿನ ಒಂದು ದೊಡ್ಡ ಕಾಲ ಇತ್ತು. ನಮ್ಮಲ್ಲಿ ಆ ಮೆಟ್ಟಿಲು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದನ್ನ ಹುಡುಕಿಕೊಂಡು ಹೋಗಿಯೇ ನನಗೆ ಈ ಚಟ ಹತ್ತಿದ್ದು. ನೆರೂಳದ ನಮ್ಮ ಒನ್ ಬಿಎಚ್‌ಕೆಯಲ್ಲಿ ಈಗ ಮೂರು ಯಂತ್ರಗಳಿವೆ. ನನ್ನ ಹೆಂಡತಿಯ ಲೆಕ್ಕದಲ್ಲಿ ಮೂರು ಹೆಚ್ಚು.

ಮೂರರಲ್ಲಿ ರಾಜ ಅಂದ್ರೆ ಐಬಿಎಂ ಸೆಲೆಕ್ಟ್ರಿಕ್. 1961ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ವಿನ್ಯಾಸ ಇದು. ಇದರಲ್ಲಿ ಅಕ್ಷರದ ಕಡ್ಡಿಗಳ ಸಾಲು ಇಲ್ಲ, ಕಾಗದ ಹೊತ್ತ ಗಾಡಿ ಆಕಡೆ ಈಕಡೆ ಓಡೋದೂ ಇಲ್ಲ. ಗಾಲ್ಫ್ ಚೆಂಡಿನಂಥ ಒಂದು ಗುಂಡು, ಅದರ ಮೈಮೇಲೆ 88 ಅಕ್ಷರ. ಕೀ ಒತ್ತಿದರೆ ಗುಂಡು ವಾಲುತ್ತದೆ, ತಿರುಗುತ್ತದೆ, ಕಾಗದಕ್ಕೆ ಹೊಡೆಯುತ್ತದೆ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಮಜಾ ಇರೋದು ಒಳಗಡೆ. ಪ್ರತಿ ಕೀ ಆರು ಕಂಬಿಗಳಲ್ಲಿ ಕೆಲವನ್ನ ಆರಿಸುತ್ತದೆ, ಕೆಲವನ್ನ ಬಿಡುತ್ತದೆ. ಅಂದ್ರೆ ಆರು ಬಿಟ್! ಎರಡು ಬಿಟ್ ಗುಂಡು ಎಷ್ಟು ವಾಲಬೇಕು ಅಂತ ಹೇಳುತ್ತವೆ, ನಾಲ್ಕು ಎಷ್ಟು ತಿರುಗಬೇಕು ಅಂತ. ತಿರುಗುವ ನಾಲ್ಕರ ತೂಕ 1, 2, 2 ಮತ್ತು ಮೈನಸ್ 5. ಕೂಡಿಸಿ ಕಳೆದು ನೋಡಿ, ಮೈನಸ್ 5ರಿಂದ ಪ್ಲಸ್ 5ರವರೆಗೆ 11 ಸ್ಥಾನ ಸಿಗುತ್ತವೆ. ವಾಲುವ ನಾಲ್ಕು ಸಾಲಿಗೆ ಗುಣಿಸಿದರೆ 44. ಶಿಫ್ಟ್ ಒತ್ತಿದರೆ ಗುಂಡು ಅರ್ಧ ಸುತ್ತು ತಿರುಗಿ ಇನ್ನೊಂದು 44. ಈ ಕೂಡುವ ಕಳೆಯುವ ಲೆಕ್ಕವನ್ನೆಲ್ಲ ಮಾಡೋದು ಸನ್ನೆಕೋಲುಗಳ ಒಂದು ಜೋಡಣೆ. ಒಂದು ಚಿಪ್ ಕೂಡ ಇಲ್ಲ. ಐಬಿಎಂ ಇದೇ ಯಂತ್ರಾಂಗವನ್ನ 2741 ಟರ್ಮಿನಲ್‌ನಲ್ಲೂ ಹಾಕಿತು. ಎಪಿಎಲ್ ಭಾಷೆಯ ವಿಚಿತ್ರ ಚಿಹ್ನೆಗಳು ಬೇಕಾದಾಗ ಆ ಭಾಷೆಯ ಗುಂಡು ಹಾಕಿಕೊಂಡರು, ಅಷ್ಟೇ. ಆಗಿನ ಕಾಲದ ಫಾಂಟ್ ಬದಲಾವಣೆ.

ಇನ್ನು ರಿಪೇರಿ. ಹಳೇ ಸೆಲೆಕ್ಟ್ರಿಕ್‌ಗಳದ್ದು ಎರಡು ಕಾಯಿಲೆ. ಒಂದು, ಎಣ್ಣೆ ಅಂಟಾಗಿ ಎಲ್ಲ ಹಿಡಕೊಂಡಿರೋದು. ಇನ್ನೊಂದು, ಸೈಕಲ್ ಕ್ಲಚ್ ಪುಲ್ಲಿಯ ಪ್ಲಾಸ್ಟಿಕ್ ಹಬ್ ಸೀಳಿರೋದು. ಆಗ ಮೋಟಾರ್ ಜೋರಾಗಿ ಓಡುತ್ತದೆ, ಗುಂಡು ಮಾತ್ರ ಅಲುಗಲ್ಲ. ನನ್ನದಕ್ಕೆ ಎರಡೂ ಇತ್ತು. ಡೊಂಬಿವಲಿಯಲ್ಲಿ ನಿವೃತ್ತ ಮೆಕ್ಯಾನಿಕ್ ಒಬ್ಬರಿದ್ದಾರೆ, ಬಾಗಲಕೋಟೆ ಕಡೆಯವರು. ನಾನು ಕಾಕಾ ಅಂತೀನಿ. ನಾನು ಎಣ್ಣೆ ಡಬ್ಬಿ ಹಿಡಿದಿದ್ದು ನೋಡಿ ಅವರು ಹೇಳಿದ್ದು: "ತಮ್ಮಾ, ಹೊಸಾ ಎಣ್ಣಿ ಆಮ್ಯಾಲೆ. ಮೊದಲ ಹಳೇ ಎಣ್ಣಿ ತೆಗಿ." ಎರಡು ಭಾನುವಾರ ಬರೀ ತೊಳೆಯೋದೇ ಆಯ್ತು. ಹಬ್ ಅನ್ನು ತುರ್ಭೆಯ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂನಲ್ಲಿ ಕಡೆಸಿದೆವು.

ಆಮೇಲೂ ವೇಗ ಕಮ್ಮಿ ಅನಿಸಿತು. ಕಾರಣ ಸರಳ. ಅಮೆರಿಕದ ಯಂತ್ರ 115 ವೋಲ್ಟ್, 60 ಹರ್ಟ್ಸ್‌ನದ್ದು. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ನಮ್ಮ 50 ಹರ್ಟ್ಸ್ ಹಾಗೇ ಉಳಿಯುತ್ತದೆ. ಮೋಟಾರ್ ಆರನೇ ಒಂದು ಭಾಗ ನಿಧಾನ. ಸೆಕೆಂಡಿಗೆ ಸುಮಾರು 15 ಅಕ್ಷರ ಹೊಡೆಯಬೇಕಾದದ್ದು 12–13ಕ್ಕೆ ಇಳಿಯುತ್ತದೆ. ನನ್ನ ಬೆರಳಿಗೆ ಅಷ್ಟು ಧಾರಾಳ ಸಾಕು.

ಈಗ ಮೂಲ ಪ್ರಶ್ನೆ. ಇಂಥ ಯಂತ್ರ ಇಲ್ಲಿ ಯಾಕೆ ನಿಲ್ಲಲಿಲ್ಲ? ಗೋದ್ರೆಜ್ 1955ರಲ್ಲೇ, ನಮ್ಮ ಇದೇ ಮುಂಬೈಯಲ್ಲಿ, ದೇಶದ ಟೈಪ್‌ರೈಟರ್ ತಯಾರಿಸಿತು. ಆದರೆ ನಮ್ಮ ಆಫೀಸುಗಳು ಅದರಿಂದ ಕೇಳಿದ್ದು ಕರೆಂಟ್ ಹೋದರೂ ನಡೆಯುವ ಕೈಯಂತ್ರವನ್ನೇ. ಫುಟ್‌ಪಾತಿನ ಟೈಪಿಸ್ಟ್‌ಗೆ ಪ್ಲಗ್ ಪಾಯಿಂಟ್ ಎಲ್ಲಿಂದ ಬರಬೇಕು? 2009ಕ್ಕೆ ಗೋದ್ರೆಜ್ ತಯಾರಿಕೆ ನಿಂತಿತು. 2011ರಲ್ಲಿ "ಜಗತ್ತಿನ ಕೊನೆಯ ಟೈಪ್‌ರೈಟರ್ ಕಾರ್ಖಾನೆ ಮುಚ್ಚಿತು" ಅಂತ ಸುದ್ದಿ ಎಲ್ಲೆಡೆ ಓಡಾಡಿತು. ಅದು ಉತ್ಪ್ರೇಕ್ಷೆ. ಎಲೆಕ್ಟ್ರಾನಿಕ್ ಟೈಪ್‌ರೈಟರ್‌ಗಳು ಆಗಲೂ ಮಾರಾಟದಲ್ಲಿದ್ದವು.

ಎರಡನೇ ಕಾರಣ 1978. ವಿದೇಶಿ ಕಂಪನಿಗಳ ಪಾಲು 40 ಶೇಕಡಕ್ಕೆ ಇಳಿಯಬೇಕು ಅನ್ನುವ ಫೆರಾ ನಿಯಮಕ್ಕೆ ಒಪ್ಪದೆ ಐಬಿಎಂ ಗಂಟುಮೂಟೆ ಕಟ್ಟಿತು. ಆಗ ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್, ಮಂಗಳೂರಲ್ಲಿ ಹುಟ್ಟಿ ಮುಂಬೈ ಕಾರ್ಮಿಕ ಚಳವಳಿಯಲ್ಲಿ ಬೆಳೆದವರು. ಹೊಗಳುವವರೂ ಬೈಯುವವರೂ ಅವರ ಹೆಸರನ್ನೇ ಹೇಳುತ್ತಾರೆ. ಕಾನೂನು ಮಾತ್ರ 1973ರದ್ದು, ಇಂದಿರಾ ಕಾಲದ್ದು. ಐಬಿಎಂ ಕಂಪ್ಯೂಟರ್‌ಗಳನ್ನ ನೋಡಿಕೊಳ್ಳೋಕೆ ಸರ್ಕಾರದ ಸಿಎಂಸಿ ಬಂತು, ನಮ್ಮ ಐಟಿ ಕತೆಯಲ್ಲಿ ಅದಕ್ಕೆ ಒಂದು ಅಧ್ಯಾಯವೂ ಸಿಕ್ಕಿತು. ಟೈಪ್‌ರೈಟರ್ ಬಗ್ಗೆ ಯಾರೂ ಬರೆಯಲಿಲ್ಲ. 1992ರಲ್ಲಿ ಟಾಟಾ ಜೊತೆ ಐಬಿಎಂ ವಾಪಸ್ ಬರುವಷ್ಟರಲ್ಲಿ ಮೇಜಿನ ಮೇಲೆ ಪಿಸಿ ಕೂತಾಗಿತ್ತು.

ಕನ್ನಡಕ್ಕೆ 88 ಅಕ್ಷರ ಸಾಲದೇ ಹೋಯಿತಾ ಅಂತ ಒಬ್ಬರು ಕೇಳಿದ್ದರು. ನನಗೆ ಹಾಗನಿಸಲ್ಲ. ಕೆ. ಅನಂತಸುಬ್ಬರಾವ್ ಕೈಯಂತ್ರಕ್ಕೆ ಕನ್ನಡ ಕೀಲಿಮಣೆ ರೂಪಿಸಿದಾಗಲೂ ಜಾಗ ಇಷ್ಟೇ ಇಕ್ಕಟ್ಟು. ಅಕ್ಷರವನ್ನ ತುಂಡು ಮಾಡಿ, ಗುಣಿತದ ಚಿಹ್ನೆ ಬೇರೆ, ಒತ್ತು ಬೇರೆ ಅಂತ ಕೂರಿಸಿದರು. ಟೈಪಿಸ್ಟ್ ಆಕಾರ ನೋಡಿ ಜೋಡಿಸಬೇಕು. ಆ ಕೆಲಸವನ್ನ ಬೆರಳಿಂದ ತೆಗೆದು ತಂತ್ರಾಂಶಕ್ಕೆ ಕೊಟ್ಟವರು ಕಿನ್ನಿಕಂಬಳದ ಕೆ.ಪಿ. ರಾವ್. ಅವರ ವಿನ್ಯಾಸದಲ್ಲಿ ಕೀ ಅಂದ್ರೆ ಉಚ್ಚಾರ. ನುಡಿಯಲ್ಲಿ ಕೆ, ಎಫ್, ವೈ ಒತ್ತಿದರೆ 'ಕ್ಯ' ತಾನೇ ಆಗುತ್ತದೆ. ನಾನು ಈ ಬರಹ ಟೈಪ್ ಮಾಡಿದ್ದೂ ಅದರಲ್ಲೇ. ಅಂದ್ರೆ ಕನ್ನಡ ಕೈಯಂತ್ರದಿಂದ ನೇರ ಇಲ್ಲಿಗೆ ಬಂತು. ಅಡ್ಡಿಯಾದದ್ದು ಲಿಪಿಯಲ್ಲ, ಕೊಳ್ಳುವವರಿಲ್ಲದ್ದು ಅಂತ ನನ್ನ ಅಂದಾಜು.

ಕಾಕಾ ಈ ದೀಪಾವಳಿಗೆ ಊರಿಗೆ ಹೋದರೆ ವಾಪಸ್ ಬರಲ್ಲ ಅಂದಿದ್ದಾರೆ. ಗುಂಡು ತಿರುಗಿಸುವ ಉಕ್ಕಿನ ಪಟ್ಟಿಯ ಬಿಗಿಯನ್ನ ಅವರು ಸದ್ದು ಕೇಳಿ ಹೇಳುತ್ತಾರೆ. ಅದನ್ನ ನಾನು ಇನ್ನೂ ಕಲಿತಿಲ್ಲ. ಆರು ಗಂಟೆ ರೆಕಾರ್ಡ್ ಮಾಡಿದ್ದೀನಿ, ಇನ್ನೂ ಮಾಡಬೇಕು. ನಿಮ್ಮೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚುತ್ತಿದ್ದರೆ, ಯಂತ್ರ ಗುಜರಿಗೆ ಹೋಗುವ ಮುಂಚೆ ಕೀಲಿಮಣೆಯ ಫೋಟೋ ತೆಗೆದಿಡಿ. ಅಲ್ಲಿ ರಿಪೇರಿಗೆ ಬರುತ್ತಿದ್ದವರು ಯಾರು ಅಂತಲೂ ಕೇಳಿಕೊಂಡು ಬನ್ನಿ.