ಹುಳುಮನೆಯ ಎಚ್ಚರ ಬಸುರಿಗೂ ಬೇಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮಾವಿನ ತೋಪಿಗೆ ಹೊಡೆದ ಔಷಧಿ ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ, ಅದನ್ನು ತಿಂದ ಹುಳು ಉಳಿಯುವುದು ಕಷ್ಟ. ಅದಕ್ಕೇ ಔಷಧಿ ಹೊಡೆದ ಮೇಲೆ ಇಷ್ಟು ದಿನ ಸೊಪ್ಪು ಕೊಯ್ಯಬಾರದೆಂದು ಲೆಕ್ಕ ಇಡುತ್ತಾರೆ. ಹುಳುವಿನ ಮೇಲಿರುವ ಈ ಎಚ್ಚರ, ಅದೇ ಹುಳುಮನೆಯಲ್ಲಿ ಸೊಪ್ಪು ಹಾಕುವ ಬಸುರಿ ಹೆಂಗಸಿನ ಮೇಲೂ ಇದೆಯೇ?

ಬಸುರಿಯ ಸುತ್ತ ನಮ್ಮಲ್ಲಿ ಕಟ್ಟುಪಾಡುಗಳಿಗೇನೂ ಕೊರತೆಯಿಲ್ಲ. ಗ್ರಹಣ ಹಿಡಿದಾಗ ಆಕೆ ಹೊರಗೆ ಬರಬಾರದು, ಈಳಿಗೆಮಣೆ ಮುಟ್ಟಬಾರದು. ಮುಟ್ಟಿದರೆ ಮಗು ಸೀಳುತುಟಿ ಹೊತ್ತು ಹುಟ್ಟುತ್ತದೆ ಎಂಬ ನಂಬಿಕೆ ಹಳೆಯದು. ಗ್ರಹಣದ ನೆರಳಿಗೂ ಸೀಳುತುಟಿಗೂ ಸಂಬಂಧವಿಲ್ಲ. ಆದರೆ ಹೊರಗಿನದೇನೋ ಗರ್ಭಕ್ಕೆ ತಾಗಬಲ್ಲದು ಎಂಬ ಹಿರಿಯರ ಅನುಮಾನ ಪೂರ್ತಿ ಸುಳ್ಳಲ್ಲ. ಕೆಡುಕೆಂದರೆ, ಮಗುವಿನಲ್ಲಿ ಊನ ಕಂಡಾಗಲೆಲ್ಲ ಈ ನಂಬಿಕೆ ತಾಯಿಯನ್ನೇ ತಪ್ಪಿತಸ್ಥೆಯಾಗಿ ನಿಲ್ಲಿಸಿತು.

ಗರ್ಭವೆಂಬುದು ಭದ್ರ ಕೋಟೆ, ಹೊರಗಿನ ವಿಷ ಮಾಸನ್ನು ದಾಟಿ ಒಳಗೆ ಹೋಗಲಾರದು ಎಂಬ ಭಾವನೆ ವೈದ್ಯರಲ್ಲೂ ಬಹುಕಾಲ ಇತ್ತು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಹಸುಗೂಸುಗಳ ಕಣ್ಣಿನ ಪೊರೆಗೂ ಬಸುರಿಯರಿಗೆ ತಗುಲಿದ್ದ ರುಬೆಲ್ಲಾ ಸೋಂಕಿಗೂ ಇದ್ದ ನಂಟನ್ನು ತೋರಿಸಿದರು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಮಾತ್ರೆಯನ್ನು ಬಸುರಿಯರು ವಾಂತಿಗೆಂದು ನುಂಗಿದರು. 1961ರ ಕೊನೆಗೆ ಅದನ್ನು ಹಿಂದಕ್ಕೆ ಪಡೆಯಲಾಯಿತಾದರೂ ಅಷ್ಟರಲ್ಲಿ ಹಲವು ದೇಶಗಳಲ್ಲಿ ಸುಮಾರು 10,000 ಮಕ್ಕಳು ಕೈಕಾಲುಗಳ ಊನದೊಂದಿಗೆ ಹುಟ್ಟಿದ್ದರು. ಮೂರರಿಂದ ಎಂಟನೇ ವಾರದೊಳಗೆ ಭ್ರೂಣದ ಮುಖ್ಯ ಅಂಗಗಳು ರೂಪುಗೊಳ್ಳುತ್ತವೆ. ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಖಚಿತವಾಗುವ ಮೊದಲೇ ಈ ನಾಜೂಕಿನ ಕಾಲ ಅರ್ಧ ಕಳೆದಿರುತ್ತದೆ.

ಗೇರು ತೋಟದ ಪಾಠ

ಇದೇ ಪಾಠವನ್ನು ಕನ್ನಡಿಗರು ಕಲಿತದ್ದು ಕಾಸರಗೋಡಿನಲ್ಲಿ. ಅಲ್ಲಿನ ಗುಡ್ಡಗಳಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ಮೇಲೆ ಬಿದ್ದದ್ದು ಕೆಳಗಿನ ಸುರಂಗ, ತೋಡುಗಳಿಗೆ ಇಳಿಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮದಲ್ಲಿ ಬುದ್ಧಿಮಾಂದ್ಯ, ಅಂಗವಿಕಲ ಮಕ್ಕಳು ಹೆಚ್ಚಾಗಿರುವುದನ್ನು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಊರಿನಲ್ಲಿ ಇದನ್ನು ಜಟಾಧಾರಿ ದೈವದ ಮುನಿಸೆಂದು ನಂಬಿದವರಿದ್ದರು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಮಕ್ಕಳನ್ನು ಸಿಂಪಡಣೆ ಇಲ್ಲದ ಇನ್ನೊಂದು ಊರಿನ ಮಕ್ಕಳೊಂದಿಗೆ ಹೋಲಿಸಿತು. ಜನ್ಮಜಾತ ಊನಗಳೂ ಕಲಿಕೆಯ ತೊಂದರೆಗಳೂ ಪಡ್ರೆಯಲ್ಲಿ ಹೆಚ್ಚು ಎಂದು 2002ರಲ್ಲಿ ವರದಿ ಕೊಟ್ಟಿತು. ಎಲ್ಲಕ್ಕೂ ಎಂಡೋಸಲ್ಫಾನ್ ಒಂದೇ ಕಾರಣವೇ ಎಂಬ ವಾದ ವಿಜ್ಞಾನಿಗಳಲ್ಲಿ ಮುಂದುವರಿಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳಿಂದಲೂ ಅದೇ ಕೂಗು ಎದ್ದಿತು. ಅಲ್ಲಿ ಸಿಂಪಡಿಸಿದ್ದು ಕರ್ನಾಟಕದ್ದೇ ಗೇರು ನಿಗಮ. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ನಿಷೇಧಿಸಿದವು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ 2017ರಲ್ಲಿ ಕೋರ್ಟು ಕೇರಳ ಸರ್ಕಾರಕ್ಕೆ ಆದೇಶಿಸಿತು. ತಾಯಂದಿರ ಮೇಲಿದ್ದ ಆರೋಪ ಇಳಿಯಲು ಅಷ್ಟು ವರ್ಷ ಹಿಡಿಯಿತು.

ಎಲ್ಲ ಊನಗಳಿಗೂ ಪರಿಸರವೇ ಕಾರಣವಲ್ಲ. ಕೆಲವು ವಂಶವಾಹಿಯಿಂದ ಬರುತ್ತವೆ, ಹಲವಕ್ಕೆ ಕಾರಣವೇ ಸಿಗುವುದಿಲ್ಲ. ಬೆನ್ನುಹುರಿಯ ಕೆಲವು ಊನಗಳನ್ನು ಬಸುರಾಗುವ ಮೊದಲಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡು ಬಹುಮಟ್ಟಿಗೆ ತಡೆಯಬಹುದು. ಉಳಿದದ್ದು ಮನೆಯವರ ಕೈಯಲ್ಲಿದೆ. ಔಷಧಿ ಕಲಸುವ ಕೆಲಸ, ಹುಳುಮನೆ ತೊಳೆಯುವ ಫಾರ್ಮಲಿನ್ನಿನ ಘಾಟು ಬಸುರಿಯ ಪಾಲಿಗೆ ಬರಬಾರದು. ಸಿಂಪಡಿಸಿ ಬಂದವರ ಬಟ್ಟೆಯನ್ನು ಆಕೆ ಒಗೆಯಬಾರದು. ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ನುಂಗಬಾರದು.

ಗ್ರಹಣ ಕೆಲವು ಗಂಟೆಗಳಲ್ಲಿ ಬಿಟ್ಟುಹೋಗುತ್ತದೆ. ತೋಟದ ಔಷಧಿ ವಾರಗಟ್ಟಲೆ ಮನೆಯ ಮೂಲೆಯಲ್ಲೇ ಇರುತ್ತದೆ. ಬಸುರಿಯನ್ನು ಕಾಯುವುದಾದರೆ ಅದರಿಂದ ಕಾಯಬೇಕು.