ಲಾಕ್‌ಡೌನ್ ಅವಧಿಯ ತಾತ್ಕಾಲಿಕ ಪರಿಹಾರ ಧನ: ಅರ್ಹತೆ ಮತ್ತು ದಾಖಲೆಗಳು

ಕೋವಿಡ್-19 ಸಾಂಕ್ರಾಮಿಕವನ್ನು ತಡೆಗಟ್ಟಲು 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೊಂಡಿತು. 2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಮತ್ತೆ ಕಠಿಣ ನಿರ್ಬಂಧಗಳನ್ನು ವಿಧಿಸಲಾಯಿತು. ಇದರಿಂದ ದುಡಿಮೆ ಕಳೆದುಕೊಂಡವರ ನೆರವಿಗಾಗಿ ರಾಜ್ಯ ಸರ್ಕಾರವು 2020ರ ಮೇ 6ರಂದು ರೂ. 1,610 ಕೋಟಿ ಹಾಗೂ 2021ರ ಮೇ 19ರಂದು ರೂ. 1,250 ಕೋಟಿ ಮೊತ್ತದ ಪರಿಹಾರವನ್ನು ಪ್ರಕಟಿಸಿತು. ಈ ಪಾವತಿಗಳು ಆಯಾ ಸಂದರ್ಭಕ್ಕೆ ಮಾತ್ರ ಸೀಮಿತವಾಗಿದ್ದು, ಈಗ ಇವುಗಳಿಗೆ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಆದಾಗ್ಯೂ ಅರ್ಹತೆಯನ್ನು ನಿರ್ಧರಿಸಿದ ಬಗೆಯನ್ನು ಸಾರ್ವಜನಿಕರು ಅರಿತಿರುವುದು ಒಳಿತು. ಸಂಕಷ್ಟಕ್ಕೆ ಸಿಲುಕಿದ್ದರೆ ಮಾತ್ರ ಸಾಲದು, ಅದಕ್ಕೆ ಮೊದಲೇ ವೃತ್ತಿಯ ದಾಖಲೆ ಇರಬೇಕಾಗಿತ್ತು.

ಕಟ್ಟಡ ಕಾರ್ಮಿಕರು

ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರಿಗೆ 2020ರಲ್ಲಿ ಮೊದಲು ರೂ. 2,000, ಅನಂತರ ಹೆಚ್ಚುವರಿಯಾಗಿ ರೂ. 3,000, 2021ರಲ್ಲಿ ರೂ. 3,000 ಘೋಷಿಸಲಾಯಿತು. ಇದೇ ಕೆಲಸ ಮಾಡುತ್ತಿದ್ದರೂ ನೋಂದಣಿ ಇಲ್ಲದವರು ಈ ಪಟ್ಟಿಗೆ ಸೇರಲಿಲ್ಲ.

ಕಾನೂನಿನ ಪ್ರಕಾರ ನೋಂದಣಿಗೆ 18 ವರ್ಷ ತುಂಬಿರಬೇಕು, 60 ವರ್ಷ ತುಂಬಿರಬಾರದು. ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ನಿರ್ಮಾಣ ಕೆಲಸ ಮಾಡಿರತಕ್ಕದ್ದು. ನೋಂದಣಿಯಾದ ಬಳಿಕವೂ ವರ್ಷಕ್ಕೆ 90 ದಿನದ ಕೆಲಸ ಇಲ್ಲವಾದಲ್ಲಿ ಫಲಾನುಭವಿಯ ಸ್ಥಾನ ಕೊನೆಗೊಳ್ಳುತ್ತದೆ. ಆದರೆ ಕೆಲಸದ ವೇಳೆ ಅಪಘಾತದಲ್ಲಿ ಗಾಯಗೊಂಡು ಮನೆಯಲ್ಲಿ ಉಳಿದ ಅವಧಿಯನ್ನು ಈ ಲೆಕ್ಕದಿಂದ ಹೊರಗಿಡಲು ಕಾನೂನಿನಲ್ಲಿ ಅವಕಾಶವಿದೆ. ಗಾಯಗೊಂಡವರು ಇದನ್ನು ತಿಳಿಯದೆ ತಮ್ಮ ಕಾರ್ಡು ರದ್ದಾಯಿತೆಂದು ಭಾವಿಸಿ ಸುಮ್ಮನಾಗಬಾರದು. ಚಿಕಿತ್ಸೆಯ ದಾಖಲೆಗಳನ್ನು ಇಟ್ಟುಕೊಂಡಿರತಕ್ಕದ್ದು.

ಚಾಲಕರು ಮತ್ತು ಇತರ ವೃತ್ತಿನಿರತರು

ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ 2020ರಲ್ಲಿ ರೂ. 5,000, 2021ರಲ್ಲಿ ಮ್ಯಾಕ್ಸಿಕ್ಯಾಬ್ ಚಾಲಕರೂ ಸೇರಿದಂತೆ ರೂ. 3,000 ನೀಡಲು ಆದೇಶವಾಯಿತು. ಅರ್ಜಿಗಳನ್ನು ಸೇವಾ ಸಿಂಧು ಜಾಲತಾಣದ ಮೂಲಕ ಪಡೆಯಲಾಯಿತು. ನೆರವು ಚಾಲಕನಿಗೆ ಉದ್ದೇಶಿತವಾಗಿದ್ದರಿಂದ ಚಾಲ್ತಿಯಲ್ಲಿರುವ ಚಾಲನಾ ಪರವಾನಗಿ ಮುಖ್ಯವಾಯಿತು.

ಅಗಸರು ಮತ್ತು ಕ್ಷೌರಿಕರಿಗೆ 2020ರಲ್ಲಿ ರೂ. 5,000 ಪ್ರಕಟಿಸಲಾಗಿತ್ತು. 2021ರಲ್ಲಿ ಈ ಇಬ್ಬರೊಂದಿಗೆ ದರ್ಜಿಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಕಮ್ಮಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಚಮ್ಮಾರರು, ಮನೆಗೆಲಸದವರು ಸೇರಿ ತಲಾ ರೂ. 2,000 ನಿಗದಿಯಾಯಿತು. ಇಂಥ ಬಹುತೇಕ ಕಸುಬುಗಳಿಗೆ ಪರವಾನಗಿಯಾಗಲೀ ಹಾಜರಿ ಪುಸ್ತಕವಾಗಲೀ ಇರುವುದಿಲ್ಲ. ಮನೆಗೆಲಸದವರ ದುಡಿಮೆಗೆ ಮಾಲೀಕರ ಮಾತೇ ಸಾಕ್ಷಿ. ಆದುದರಿಂದ ವೃತ್ತಿಯನ್ನು ದೃಢೀಕರಿಸುವ ಪತ್ರವೇ ಇವರಿಗೆ ದೊಡ್ಡ ತೊಡಕಾಯಿತು.

ಬೀದಿಬದಿ ವ್ಯಾಪಾರಿಗಳಿಗೂ 2021ರಲ್ಲಿ ರೂ. 2,000 ಪ್ರಕಟವಾಯಿತು. 2020ರ ಜೂನ್‌ನಲ್ಲಿ ಆರಂಭವಾದ ಪಿ.ಎಂ. ಸ್ವನಿಧಿ ಬೇರೆಯೇ ಯೋಜನೆ. ಅದರಲ್ಲಿ ದೊರೆಯುವುದು ಬ್ಯಾಂಕಿಗೆ ಮರುಪಾವತಿಸಬೇಕಾದ ಸಾಲವೇ ಹೊರತು ಪರಿಹಾರವಲ್ಲ.

ಹಣ ಜಮೆಯಾಗುವ ಖಾತೆ

ಆಧಾರ್ ಆಧಾರಿತ ನೇರ ನಗದು ವರ್ಗಾವಣೆಯಲ್ಲಿ ಹಣವು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ ಹೋಗುತ್ತದೆ. ಒಂದಕ್ಕಿಂತ ಹೆಚ್ಚು ಖಾತೆ ಹೊಂದಿದವರು ಹಣ ಬಂದಿಲ್ಲವೆಂದು ದೂರು ಸಲ್ಲಿಸುವ ಮೊದಲು ಎಲ್ಲ ಪಾಸ್‌ಬುಕ್‌ಗಳನ್ನೂ ಪರಿಶೀಲಿಸುವುದು ಸೂಕ್ತ.

ಈಗ ಮಾಡಬಹುದಾದ ನೋಂದಣಿ

ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರವು 2021ರ ಆಗಸ್ಟ್ 26ರಂದು ಇ-ಶ್ರಮ್ ಜಾಲತಾಣವನ್ನು ಆರಂಭಿಸಿತು. 16ರಿಂದ 59 ವರ್ಷದೊಳಗಿನ, ಭವಿಷ್ಯನಿಧಿ ಅಥವಾ ಇ.ಎಸ್.ಐ. ಸದಸ್ಯರಲ್ಲದ ಕಾರ್ಮಿಕರು ಇದರಲ್ಲಿ ಹೆಸರು ನೋಂದಾಯಿಸಿ 12 ಅಂಕಿಗಳ ಸಂಖ್ಯೆಯನ್ನು ಪಡೆಯಬಹುದು. ಕಸುಬು ಬದಲಾದಲ್ಲಿ ಅದನ್ನೂ ತಿದ್ದುಪಡಿ ಮಾಡಿಸಿಕೊಳ್ಳತಕ್ಕದ್ದು.